ಬೆಳೆ ರಕ್ಷಣೆಗೆ ಯಾವ ಬಂದೂಕು?

ಕಾಳು ಕಟ್ಟಿದ ಮುಸುಕಿನ ಜೋಳಕ್ಕೋ ಗೆಡ್ಡೆ ಇಳಿದ ಗೆಣಸಿಗೋ ಕಾಡುಹಂದಿಯ ಹಿಂಡು ನುಗ್ಗಿದರೆ ತಿಂಗಳುಗಳ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಕಾಡಂಚಿನ ರೈತರು ಬಂದೂಕು ಬಯಸುವುದು ಸಹಜ. ಆದರೆ ಯಾವ ಬಂದೂಕು ತಕ್ಕದ್ದು, ಅದನ್ನು ಯಾವ ಪ್ರಾಣಿಯ ಮೇಲೆ ಹಾರಿಸಬಹುದು ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಲೈಸೆನ್ಸು

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಸೂಚಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನಯವಾದ ನಳಿಗೆಯ ಬೇರೆ ಬಂದೂಕಿಗೆ, ಅಂದರೆ 12 ಬೋರಿನ ತೋಟಾ ಕೋವಿಯಂಥದಕ್ಕೆ, ಲೈಸೆನ್ಸು ಕೊಡಬಹುದು. ಅರ್ಜಿಯ ಮೇಲೆ ಪೊಲೀಸ್ ವರದಿ ತರಿಸಲಾಗುತ್ತದೆ. 2019ರ ತಿದ್ದುಪಡಿಯಂತೆ ಲೈಸೆನ್ಸಿನ ಅವಧಿ 5 ವರ್ಷ.

ರೈಫಲ್ ಏಕೆ ಬೇಡ?

ರೈಫಲಿನ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ತಿರುಗಿಸಿ ಬಿಡುವುದರಿಂದ ಅದು ನೇರವಾಗಿ ಬಹುದೂರ ಹೋಗುತ್ತದೆ. ಚಿಕ್ಕದೆನಿಸುವ .22 ರೈಫಲಿನ ಗುಂಡು ಕೂಡ ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು; .315ರ ಗುಂಡು ಇನ್ನೂ ದೂರ. ಹೊಲದಾಚೆ ಮನೆ, ದಾರಿ, ಕಾವಲು ಗುಡಿಸಲುಗಳಿರುವ ನಮ್ಮ ಊರುಗಳಲ್ಲಿ, ಅದೂ ರಾತ್ರಿ, ಇದು ಅಪಾಯ. 12 ಬೋರಿನ ದಪ್ಪ ಚರೆಯ ತೋಟೆ ಸುಮಾರು 30 ಮೀಟರಿನೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತಪ್ಪಿದ ಚರೆ ನೂರಾರು ಮೀಟರು ಹಾರುವುದರಿಂದ, ಹಿಂದೆ ಮಣ್ಣಿನ ದಿಬ್ಬವಿರುವ ದಿಕ್ಕಿಗಷ್ಟೇ ಹಾರಿಸಬೇಕು.

ಮದ್ದಿನ ಕೋವಿಗೆ ಒಂದೇ ಈಡು. ಮಳೆಗೆ ಮದ್ದು, ಕೇಪು ಒದ್ದೆಯಾದರೆ ಹಾರುವುದಿಲ್ಲ. ತುಂಬಿದ್ದು ಮರೆತು ಮತ್ತೆ ಮದ್ದು ಹಾಕಿದರೆ ನಳಿಗೆಯೇ ಸಿಡಿಯಬಹುದು. ಗಜಕಡ್ಡಿಯನ್ನು ಇಳಿಸಿ ನಳಿಗೆ ಖಾಲಿಯೇ ಎಂದು ನೋಡುವುದು ತಪ್ಪಬಾರದು.

ಎರಡನೆಯ ಅನುಮತಿ

ಹಲವರು ಎಡವುವುದು ಇಲ್ಲಿ. ಲೈಸೆನ್ಸು ಬಂದೂಕು ಇಟ್ಟುಕೊಳ್ಳಲು ಮಾತ್ರ. ಪ್ರಾಣಿಯನ್ನು ಕೊಲ್ಲಲು ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯ ತರುತ್ತಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಳ್ಳುವಂತಿಲ್ಲ.

ನರಿಯ ಮಾತು ಬೇರೆ. 2022ರ ತಿದ್ದುಪಡಿಯಿಂದ ನರಿಗಳು ನವಿಲಿನಂತೆ 1ನೇ ಅನುಸೂಚಿಯಲ್ಲಿವೆ. ಕೋಳಿ ಒಯ್ದಿತೆಂದೋ ಕಬ್ಬು ಕಡಿಯಿತೆಂದೋ ಹೊಡೆದರೆ 3ರಿಂದ 7 ವರ್ಷ ಸೆರೆವಾಸ ಕಾದಿದೆ. ಇಲಿ ತಿನ್ನುವ ನರಿ ರೈತನಿಗೆ ಉಪಕಾರಿಯೂ ಹೌದು. ಕೋಳಿಗೂಡಿಗೆ ಭದ್ರವಾದ ಬಾಗಿಲು, ನೆಲದೊಳಕ್ಕೆ ಹೂತ ತಂತಿಬಲೆ ಇದ್ದರೆ ನರಿಯ ಕಾಟ ನಿಲ್ಲುತ್ತದೆ.

ಕೊಡಗಿನಲ್ಲಿ ಕೋವಿ ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವನ್ಯಜೀವಿ ಕಾಯಿದೆಯಿಂದ ವಿನಾಯಿತಿ ಇಲ್ಲ.

ನೆನಪಿಡಬೇಕಾದ ಅಂಶಗಳು

1. ಬ್ಯಾಟರಿ ಬೆಳಕಿನಲ್ಲಿ ಪ್ರಾಣಿ ಯಾವುದೆಂದು ಕಾಣದೆ ಕುದುರೆಗೆ ಬೆರಳು ಹಾಕಬಾರದು. ಪೈರು ಅಲ್ಲಾಡಿತೆಂದು ಹಾರಿಸಿದರೆ ಅಲ್ಲಿ ನೀರು ಕಟ್ಟಲು ಬಂದ ನೆರೆಯವನಿರಬಹುದು.
2. ಮನೆಗೆ ಬರುವ ಮೊದಲು ಕೋವಿ ಖಾಲಿ ಮಾಡಬೇಕು. ಕೋವಿ, ತೋಟೆ ಬೇರೆ ಬೇರೆ ಬೀಗದಲ್ಲಿರಬೇಕು.
3. ಲೈಸೆನ್ಸು ಇಲ್ಲದವರ ಕೈಗೆ ಕೋವಿ ಕೊಡಬಾರದು.
4. ಹಂದಿಯ ಹಾವಳಿ ಕಂಡೊಡನೆ ಅರಣ್ಯ ಇಲಾಖೆಗೆ ಬರೆದು ತಿಳಿಸಬೇಕು. ಬೆಳೆನಷ್ಟ ಪರಿಹಾರದ ಅರ್ಜಿಗೂ ಅದು ನೆರವಾಗುತ್ತದೆ.