ಉಪ್ಪಲ್‌ಗೆ ದಾರಿ ತೋರುವ ಆ್ಯಪ್: ನಂಬುವ ಮುನ್ನ ಒಂದು ಪರೀಕ್ಷೆ

ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳಿಂದ ಹೈದರಾಬಾದಿಗೆ ಹೋಗುವ ಸಾರಿಗೆ ಬಸ್ಸುಗಳಲ್ಲಿ ಅನೇಕವು ಇಮ್ಲಿಬನ್‌ನ ಮಹಾತ್ಮ ಗಾಂಧಿ ಬಸ್ ನಿಲ್ದಾಣವನ್ನು ಸೇರುತ್ತವೆ. ನಗರದ ಪೂರ್ವಕ್ಕಿರುವ ಉಪ್ಪಲ್‌ಗೆ ಅಲ್ಲಿಂದ ಇನ್ನೊಂದು ಪ್ರಯಾಣವೇ ಆಗಬೇಕು. ಅಪರಿಚಿತ ಊರು, ಕೈಯಲ್ಲಿ ಗಂಟು, ಜೊತೆಗೆ ವಯಸ್ಸಾದವರು. ಇಂತಹ ಸಮಯದಲ್ಲಿ ಸ್ಮಾರ್ಟ್‌ಫೋನಿನ ಆ್ಯಪ್ ತಪ್ಪು ದಾರಿ ತೋರಿದರೆ ಆಗುವ ತೊಂದರೆ ಸಣ್ಣದಲ್ಲ. ಆದುದರಿಂದ ಆ್ಯಪ್‌ನ್ನು ಮನೆಯಲ್ಲಿಯೇ ಪರೀಕ್ಷಿಸಿ ಆರಿಸಿಕೊಳ್ಳುವುದು ಒಳಿತು. ಉತ್ತರ ನಮಗೆ ಮೊದಲೇ ತಿಳಿದಿರುವ ಪ್ರಶ್ನೆಯನ್ನು ಅದಕ್ಕೆ ಕೇಳಬೇಕು.

ಈ ನಿಲ್ದಾಣದಿಂದ ಉಪ್ಪಲ್‌ಗೆ ಮೆಟ್ರೊದಲ್ಲಿ ಹೇಗೆ ಹೋಗಬೇಕೆಂದು ಕೇಳಿ ನೋಡಿರಿ. ಹಸಿರು ಮಾರ್ಗದಲ್ಲಿ ಪರೇಡ್ ಗ್ರೌಂಡ್‌ವರೆಗೆ ಹೋಗಿ, ಅಲ್ಲಿ ನೀಲಿ ಮಾರ್ಗದ ನಾಗೋಲ್ ಕಡೆಯ ರೈಲನ್ನು ಹತ್ತುವುದು ಹತ್ತಿರದ ದಾರಿ. ಕೆಂಪು ಮಾರ್ಗದಲ್ಲಿ ಅಮೀರ್‌ಪೇಟೆಗೆ ಹೋಗಿ ಅಲ್ಲಿಂದ ಪೂರ್ವಕ್ಕೆ ಮರಳುವುದು ಸುತ್ತುದಾರಿ. ಹಸಿರು ಮಾರ್ಗ ಆರಂಭವಾದದ್ದು 2020ರ ಫೆಬ್ರವರಿಯಲ್ಲಿ. ಎಷ್ಟು ಕೇಳಿದರೂ ಅಮೀರ್‌ಪೇಟೆಯ ದಾರಿಯೊಂದನ್ನೇ ತೋರಿಸುವ ಆ್ಯಪ್‌ನಲ್ಲಿ ಹಳೆಯ ಮಾಹಿತಿಯೇ ಉಳಿದಿದೆಯೆಂದು ಶಂಕಿಸಬಹುದು.

ಎರಡನೆಯ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ರಾಜೀವ್ ಗಾಂಧಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣವನ್ನು ಜನರು ಕರೆಯುವುದು ‘ಉಪ್ಪಲ್ ಸ್ಟೇಡಿಯಂ’ ಎಂದೇ. ಆದರೆ ಅದಕ್ಕೆ ಇಳಿಯಬೇಕಾದ ಮೆಟ್ರೊ ನಿಲ್ದಾಣ ಉಪ್ಪಲ್ ಅಲ್ಲ. ಪಕ್ಕದ ‘ಸ್ಟೇಡಿಯಂ’ ನಿಲ್ದಾಣ. ಹೆಸರನ್ನು ಮಾತ್ರ ನೋಡಿ ಉಪ್ಪಲ್‌ನಲ್ಲಿ ಇಳಿಸುವ ಆ್ಯಪ್ ಊರನ್ನು ಅರಿತಿಲ್ಲ.

ಬಸ್ಸಿನ ವಿಷಯ ಮೆಟ್ರೊದಷ್ಟು ಸರಳವಲ್ಲ. ಪರದೆಯ ಮೇಲೆ “ಐದು ನಿಮಿಷ” ಎಂದು ಕಾಣುವ ಅಂಕಿ ಎಲ್ಲಿಂದ ಬಂತೆಂಬುದೇ ಮುಖ್ಯ. ಕೆಲವು ಆ್ಯಪ್‌ಗಳು ಸಾರಿಗೆ ಸಂಸ್ಥೆಯ ವೇಳಾಪಟ್ಟಿಯನ್ನು ಓದಿ ಹೇಳುತ್ತವೆ. ಬಸ್ ಡಿಪೊದಿಂದ ಹೊರಡದಿದ್ದರೂ ಅವುಗಳ ಲೆಕ್ಕದಲ್ಲಿ ಅದು ಬರುತ್ತಲೇ ಇರುತ್ತದೆ! ಬೇರೆ ಕೆಲವು, ಬಸ್ಸಿನಲ್ಲಿ ಅಳವಡಿಸಿದ ಜಿ.ಪಿ.ಎಸ್. ಉಪಕರಣದಿಂದ ಅದು ಇರುವ ಸ್ಥಳವನ್ನು ತಿಳಿದು ಹೇಳುತ್ತವೆ. ತೆಲಂಗಾಣದ ರಸ್ತೆ ಸಾರಿಗೆ ಸಂಸ್ಥೆ 2023ರಲ್ಲಿ ಹೊರತಂದ ‘ಗಮ್ಯಂ’ ಈ ಎರಡನೆಯ ಬಗೆಯದು. ನಕ್ಷೆಯಲ್ಲಿ ಬಸ್ಸಿನ ಗುರುತು ಚಲಿಸುತ್ತಿದ್ದರೆ ಮಾಹಿತಿ ತಾಜಾ ಇರುವ ಸಂಭವ ಹೆಚ್ಚು. ಗುರುತೇ ಇಲ್ಲದೆ ನಿಮಿಷಗಳು ಮಾತ್ರ ಇಳಿಯುತ್ತಿದ್ದರೆ ಅದು ವೇಳಾಪಟ್ಟಿಯ ಲೆಕ್ಕವೆಂದು ಭಾವಿಸುವುದು ಕ್ಷೇಮ.

ಉಪ್ಪಲ್‌ನಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ. ವಾರಂಗಲ್ ಹೆದ್ದಾರಿಯಲ್ಲಿ ಉಪ್ಪಲ್‌ನಿಂದ ನಾರಪಳ್ಳಿಯತ್ತ ಮೇಲ್ಸೇತುವೆಯ ಕಾಮಗಾರಿ ವರ್ಷಗಟ್ಟಲೆ ನಡೆದಿದೆ. ಇಂತಹ ಕಡೆ ತಂಗುದಾಣಗಳು ಸ್ಥಳ ಬದಲಿಸಿದರೂ ನಕ್ಷೆಗೆ ಅದು ತಿಳಿಯಲು ಕಾಲ ಹಿಡಿಯುತ್ತದೆ. ರಿಂಗ್ ರಸ್ತೆಯ ವೃತ್ತದಲ್ಲಿ 2023ರಲ್ಲಿ ತೆರೆದ ಪಾದಚಾರಿ ಮೇಲ್ಸೇತುವೆ ಮೆಟ್ರೊ ನಿಲ್ದಾಣವನ್ನೂ ಸುತ್ತಲಿನ ರಸ್ತೆಗಳನ್ನೂ ಜೋಡಿಸುತ್ತದೆ. ಅದನ್ನು ತಿಳಿಯದ ಆ್ಯಪ್ ಮುದುಕರನ್ನೂ ವಾಹನಗಳ ನಡುವೆ ರಸ್ತೆ ದಾಟಿಸೀತು.

ಹಣ ಮತ್ತು ಗೋಪ್ಯತೆಯ ಬಗ್ಗೆ ಒಂದು ಮಾತು. ಆ್ಯಪ್‌ನ ಹೆಸರಿನ ಕೆಳಗೆ ಪ್ರಕಾಶಕರ ಹೆಸರಿರುತ್ತದೆ. ಅದು ಸಾರಿಗೆ ಸಂಸ್ಥೆಯದೋ ಅಥವಾ ಪರಿಚಿತ ಕಂಪನಿಯದೋ ಎಂದು ನೋಡಬೇಕು. ಸಂದೇಶದಲ್ಲಿ ಬಂದ ಕೊಂಡಿಯಿಂದ ಆ್ಯಪ್ ಇಳಿಸಿಕೊಳ್ಳಲೇಬಾರದು. ದಾರಿ ತೋರಲು ನಾವಿರುವ ಸ್ಥಳ ತಿಳಿದರೆ ಸಾಕು. ಸಂದೇಶಗಳನ್ನೂ ಸಂಪರ್ಕ ಪಟ್ಟಿಯನ್ನೂ ಕೇಳುವ ಆ್ಯಪ್‌ಗೆ ಅನುಮತಿ ನೀಡಬೇಕಾದ ಕಾರಣವಿಲ್ಲ. ಹಣ ವಂಚನೆಯಾದಲ್ಲಿ ಒಡನೆಯೇ 1930 ಸಂಖ್ಯೆಗೆ ಕರೆಮಾಡಿ ದೂರು ನೀಡಬಹುದು.

ಫೋನು ಆರಿಹೋದಾಗ ಕನ್ನಡಿಗರಿಗೆ ಒಂದು ಅನುಕೂಲವುಂಟು. ತೆಲುಗು ಲಿಪಿ ನಮ್ಮ ಲಿಪಿಗೆ ಬಹಳ ಹತ್ತಿರದ್ದು. ಬಸ್ಸಿನ ಫಲಕದ ಮೇಲಿನ ‘ಉಪ್ಪಲ್’ ಎಂಬ ಹೆಸರನ್ನು ತುಸು ಗಮನವಿಟ್ಟರೆ ಓದಿಕೊಳ್ಳಬಹುದು. ಹತ್ತುವ ಮುನ್ನ ಕಂಡಕ್ಟರರನ್ನು ಒಮ್ಮೆ ಕೇಳಿದರೆ, ರಸ್ತೆ ಅಂದು ಎಲ್ಲಿ ಮುಚ್ಚಿದೆಯೆಂಬುದೂ ತಿಳಿಯುತ್ತದೆ.