ತಡವಾಗಿ ಬರುವ ಮೊದಲ ಬಸಿರು

ನಲವತ್ತರ ಆಸುಪಾಸಿನ ಹೆರಿಗೆ ಸಕಲೇಶಪುರ, ಆಲೂರು ಸೀಮೆಗೆ ಹೊಸದಲ್ಲ. ಹೆಗ್ಗದ್ದೆಯಂಥ ಕಾಫಿ ಊರುಗಳ ತುಂಬಿದ ಮನೆಗಳಲ್ಲಿ ಹಿಂದೆ ತಾಯಿ, ಮಗಳು ಒಂದೇ ವರ್ಷ ಬಾಣಂತಿಯರಾಗುವುದಿತ್ತು. ಅಕ್ಕನ ಮಗನಿಗಿಂತ ಸೋದರಮಾವನೇ ಚಿಕ್ಕವನಾಗಿರುವುದೂ ಇತ್ತು. ಆದರೆ ಅದು ಆರನೆಯದೋ ಎಂಟನೆಯದೋ ಹೆರಿಗೆ. ವೀಸಾ ಗಟ್ಟಿಯಾಗಲಿ, ಮನೆ ಸಾಲ ಒಂದು ಹದಕ್ಕೆ ಬರಲಿ ಎಂದು ಪರದೇಶದಲ್ಲಿ ಕಾಯುವವಳಿಗೆ ಮೂವತ್ತೆಂಟರಲ್ಲಿ ಆಗಬೇಕಾದ್ದು ಮೊದಲನೆಯದು. ಅಜ್ಜಿಗೆ ಬಸಿರು ನಿಲ್ಲುತ್ತದೆಂಬುದು ಇಪ್ಪತ್ತು ವರ್ಷ ಮೊದಲೇ ಗೊತ್ತಾಗಿತ್ತು. ಮೊಮ್ಮಗಳಿಗೆ ತೊಂದರೆಯಿದ್ದರೆ ಅದು ತಿಳಿಯುವುದೇ ಚಿಕಿತ್ಸೆಗೆ ಸಮಯ ಕಡಿಮೆಯಿರುವಾಗ. 'ನಮ್ಮಜ್ಜಿಗೆ ನಲವತ್ತೆರಡಕ್ಕೆ ಆಗಿತ್ತು' ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಹೆಣ್ಣು ಮಗು ಹುಟ್ಟುವಾಗ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು 3–4 ಲಕ್ಷ, 37ರ ವೇಳೆಗೆ ಸುಮಾರು 25,000. ಹೊಸದಾಗಿ ಹುಟ್ಟುವುದಿಲ್ಲ. ಸಂಖ್ಯೆಗಿಂತ ಹೆಚ್ಚು ಕಾಡುವುದು ಗುಣಮಟ್ಟ: ವಯಸ್ಸಾದಂತೆ ಅಂಡಾಣುವಿನ ಕ್ರೋಮೋಸೋಮುಗಳು ಸರಿಯಾಗಿ ಬೇರ್ಪಡುವುದಿಲ್ಲ. ಬಸಿರು ನಿಲ್ಲದಿರುವುದು, ನಿಂತದ್ದು ಇಳಿದುಹೋಗುವುದು ಹೆಚ್ಚುವುದು ಮುಖ್ಯವಾಗಿ ಇದರಿಂದಲೇ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 25 ಆಗಿದ್ದಾಗ ಸುಮಾರು 1,250ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿದೆ ಎಂಬುದು ಯಾವ ಖಾತ್ರಿಯೂ ಅಲ್ಲ. ಮುಟ್ಟು ನಿಲ್ಲುವುದಕ್ಕೆ ಹಲವು ವರ್ಷ ಮೊದಲೇ ಬಸಿರಾಗುವ ಶಕ್ತಿ ಕುಂದಿರುತ್ತದೆ. ಎಎಂಎಚ್ ರಕ್ತಪರೀಕ್ಷೆ ಅಂಡಾಣುಗಳು ಎಷ್ಟು ಉಳಿದಿವೆ ಎಂಬುದರ ಅಂದಾಜು ಕೊಡುತ್ತದೆ, ಹೇಗಿವೆ ಎಂಬುದನ್ನಲ್ಲ.

ವಯಸ್ಸು 35ರೊಳಗಿದ್ದರೆ ಬಸಿರಿಗೆ ಒಂದು ವರ್ಷ ಪ್ರಯತ್ನಿಸಿ ನೋಡಬಹುದು. 35 ದಾಟಿದವರು ಆರು ತಿಂಗಳಿಗೇ ವೈದ್ಯರಲ್ಲಿಗೆ ಹೋಗಬೇಕು. 40 ದಾಟಿದವರು ಕಾಯುವಂತೆಯೇ ಇಲ್ಲ. ಗಂಡನ ವೀರ್ಯ ಪರೀಕ್ಷೆಯೂ ಜೊತೆಯಲ್ಲೇ ಆಗಬೇಕು. ಊರಿನ ಹಿರಿಯರು ಎಲ್ಲವನ್ನೂ ಸೊಸೆಯ ತಲೆಗೆ ಕಟ್ಟಿದರೂ, ಮೂರರಲ್ಲೊಂದು ಪ್ರಕರಣದಲ್ಲಾದರೂ ಕಾರಣ ಗಂಡಸಿನ ಕಡೆಯದೇ.

ಖರ್ಚಿನ ಲೆಕ್ಕ ದೇಶಕ್ಕೊಂದು. ಇಂಗ್ಲೆಂಡಿನಲ್ಲಿ ವೀಸಾ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿದವರಿಗೆ ಎನ್‌ಎಚ್‌ಎಸ್‌ನಲ್ಲಿ ಹೆರಿಗೆಗೆ ಖರ್ಚಿಲ್ಲ. ಆದರೆ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಆಗಸ್ಟ್ 2017ರಿಂದ ಅದರಲ್ಲಿ ಸೇರಿಲ್ಲ. ಅಮೆರಿಕದಲ್ಲಿ ಐವಿಎಫ್ ವಿಮೆ ರಾಜ್ಯ ಮತ್ತು ಕಂಪನಿಯ ಪಾಲಿಸಿಯನ್ನು ಅವಲಂಬಿಸಿದೆ. ಹಾಗಾಗಿ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗಿಬರುವ ಯೋಚನೆ ಸಹಜ. ಅಲ್ಲಿ 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆಯಂತೆ ಈ ಸೇವೆ ಹೆಂಗಸಿಗೆ 50, ಗಂಡಸಿಗೆ 55 ವರ್ಷದವರೆಗೆ. ಅಲ್ಲಿ ಫ್ರೀಜ್ ಮಾಡಿಟ್ಟ ಅಂಡಾಣು, ಭ್ರೂಣಗಳನ್ನು ಹೊರದೇಶಕ್ಕೆ ತರಲು ಆ ಕಾಯ್ದೆಯಡಿಯ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು, ಅದೂ ಸ್ವಂತ ಬಳಕೆಗೆ ಮಾತ್ರ.

ಬಸಿರಿಗೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುವಾಗಬೇಕು. ಇದು ಎರಡನೆಯದಾಗಿದ್ದು, ಮೊದಲ ಹೆರಿಗೆ ಊರಲ್ಲೇ ಆಗಿದ್ದರೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯದೋ ಹಾಸನದ ಹಿಮ್ಸ್‌ನದೋ ಚೀಟಿಗಳು, ತಾಯಿ ಕಾರ್ಡ್ ಜೊತೆಗಿರಲಿ. ಸಿಸೇರಿಯನ್ ಆಗಿದ್ದರಂತೂ ಅದರ ಡಿಸ್ಚಾರ್ಜ್ ಸಮ್ಮರಿ ಬೇಕೇ ಬೇಕು. ದಕ್ಷಿಣ ಏಷ್ಯಾದ ಹೆಂಗಸರಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚು, ವಯಸ್ಸು ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. 24ರಿಂದ 28ನೇ ವಾರದಲ್ಲಿ ಗ್ಲೂಕೋಸ್ ಪರೀಕ್ಷೆ ಮಾಡುತ್ತಾರೆ. 'ಎರಡು ಅಕ್ಕಿರೊಟ್ಟಿ, ನಾಲ್ಕು ಕಡುಬು' ಎಂದರೆ ಪರದೇಶದ ಡಯಟಿಷಿಯನ್‌ಗೆ ತಿಳಿಯದು; ಹಿಟ್ಟು, ತರಿಯನ್ನು ಗ್ರಾಂನಲ್ಲಿ ತೂಗಿ ಬರೆದು ಒಯ್ಯಬೇಕು. ಬಿಪಿ ಏರುವ ಅಪಾಯವಿದ್ದರೆ 12ನೇ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಅದು ವೈದ್ಯರ ತೀರ್ಮಾನ.

ಇನ್ನು ಬಾಣಂತನ. ಮೊದಲ ಹೆರಿಗೆ ಮೂವತ್ತೆಂಟಕ್ಕಾದರೆ ಊರಿಂದ ಬರುವ ತಾಯಿಗೆ ಅರವತ್ತು ದಾಟಿರುತ್ತದೆ. ಆಕೆಯ ವೀಸಾ ಅರ್ಜಿಯನ್ನು ಬೇಗನೆ ಹಾಕಬೇಕು, ಪ್ರಯಾಣ ವಿಮೆಯಲ್ಲಿ ಆಕೆಯ ಸಕ್ಕರೆ, ಬಿಪಿಯನ್ನು ಮುಚ್ಚಿಡದೆ ನಮೂದಿಸಬೇಕು. ಇರುವಷ್ಟು ತಿಂಗಳಿಗೆ ಸಾಕಾಗುವ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ತರಬೇಕು.