ಎದೆಗೆ ಬಿದ್ದ ಪೆಟ್ಟು ಗುಂಡಿಗೆಗೆ ತಟ್ಟುವ ಬಗೆ

ದೀಪಾವಳಿ ಬಂತೆಂದರೆ ನಮ್ಮ ಗೋವಿನಕೋವಿ ಸುತ್ತಿನ ಹೊನ್ನಾಳಿ, ಶಿಕಾರಿಪುರ, ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಹೋರಿ ಎದೆಗೆ ಗುದ್ದಿ ಜೀವ ಹೋದ ಸುದ್ದಿಯನ್ನು ಸದಸ್ಯ ಬಾಂಧವರು ಕೇಳಿಯೇ ಇದ್ದೀರಿ. ಕೊಂಬು ಚುಚ್ಚದಿದ್ದರೂ, ರಕ್ತ ಕಾಣದಿದ್ದರೂ ಹೀಗಾಗುವುದೇಕೆಂದು ತಿಳಿಯುವುದು ಅವಶ್ಯ.

ಗುಂಡಿಗೆಯು ಮುಂದಿನ ಎದೆಮೂಳೆ ಮತ್ತು ಹಿಂದಿನ ಬೆನ್ನುಮೂಳೆಗಳ ನಡುವೆ ಇದೆ. ಮುಂದಿನಿಂದ ಬಲವಾದ ಪೆಟ್ಟು ಬಿದ್ದರೆ ಎರಡರ ನಡುವೆ ಸಿಕ್ಕಿ ಹಿಂಡಿದಂತಾಗುತ್ತದೆ. ಎದೆಮೂಳೆಗೆ ಹತ್ತಿರವಿರುವ ಬಲ ಹೃತ್ಕುಕ್ಷಿಯೇ ಹೆಚ್ಚಾಗಿ ಜಜ್ಜುವುದು. ಹುಡುಗರ ಪಕ್ಕೆಲುಬು ಬಾಗುವಂಥದು. ಮುರಿಯದೆಯೇ ಪೆಟ್ಟನ್ನು ಒಳಕ್ಕೆ ಬಿಡುತ್ತದೆ. ಅಡಿಕೆಯ ಸಿಪ್ಪೆ ಹಸಿರಾಗಿದ್ದರೂ ಒಳಗೆ ಕೆಟ್ಟಿರುವುದಿಲ್ಲವೇ, ಹಾಗೆ. ಟ್ರ್ಯಾಕ್ಟರಿನ ಸ್ಟೇರಿಂಗ್, ಟಿಲ್ಲರಿನ ಹಿಡಿ, ಎತ್ತಿನ ಒದೆ ಇವೆಲ್ಲದರಿಂದಲೂ ಇದು ಆಗಬಹುದು. ಅಡಿಕೆ ಮರದಿಂದ ಬಿದ್ದವರಲ್ಲಿ ಬೇರೊಂದು ಅಪಾಯ: ದೇಹ ಥಟ್ಟನೆ ನಿಂತಾಗ ಒಳಗಿನ ಮಹಾ ರಕ್ತನಾಳವೇ ಹರಿಯಬಹುದು.

ಜಜ್ಜಿದ ಗುಂಡಿಗೆಯ ಬಡಿತ ತಪ್ಪುತ್ತದೆ. ಸುತ್ತಲಿನ ಪೊರೆಯೊಳಗೆ ರಕ್ತ ತುಂಬಿದರೆ ಗುಂಡಿಗೆ ಹಿಗ್ಗಲಾರದು. ಕುತ್ತಿಗೆಯ ನರ ಉಬ್ಬುತ್ತದೆ, ರಕ್ತದೊತ್ತಡ ಇಳಿಯುತ್ತದೆ.

ಇನ್ನೊಂದು ಬಗೆ ವಿಚಿತ್ರವಾದುದು. ಕ್ರಿಕೆಟ್ ಚೆಂಡಿನಂಥ ಪೆಟ್ಟು, ಬಡಿತದ ಒಂದು ಕ್ಷಣದ ಪುಟ್ಟ ಭಾಗದಲ್ಲಿ, ಸರಿಯಾಗಿ ಗುಂಡಿಗೆಯ ಮೇಲೆ ಬಿದ್ದರೆ ಅದು ಲಯ ತಪ್ಪಿ ಬರೀ ಅದುರತೊಡಗುತ್ತದೆ. ಒಳಗೆ ಗಾಯವೇ ಇರುವುದಿಲ್ಲ, ಆದರೂ ಆಳು ಕುಸಿಯುತ್ತಾನೆ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದವನಿಗೆ ನೀರು ಚಿಮುಕಿಸುತ್ತ ಕೂರಬಾರದು. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಪಕ್ಕೆಲುಬು ಮುರಿದೀತೆಂಬ ಅಂಜಿಕೆ ಆಮೇಲಿನ ಮಾತು.

ನಮ್ಮದೂ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಹಿಂದೊಮ್ಮೆ ನಮ್ಮ ತೋಟದ ಆಳಿಗೆ ಎತ್ತು ಎದೆಗೆ ಒದೆಯಿತು. ಎದ್ದು ನಿಂತ, ನಕ್ಕ. ಉಪ್ಪಿನ ಶಾಖ ಕೊಟ್ಟು ಮನೆಗೆ ಕಳಿಸಿದೆವು. ಸಂಜೆಗೆ ಎದೆ ಡವಗುಟ್ಟಿ, ಉಸಿರು ಸಿಕ್ಕಿಕೊಂಡಿತು. ರಾತ್ರಿ ಶಿವಮೊಗ್ಗಕ್ಕೆ ಓಡಿದೆವು. ಪುಣ್ಯಕ್ಕೆ ಉಳಿದ.

ಆದಕಾರಣ ಎದೆಗೆ ಬಲವಾದ ಪೆಟ್ಟು ಬಿದ್ದವರನ್ನು, ನಗುತ್ತಿದ್ದರೂ ಸರಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಇ.ಸಿ.ಜಿ. ಮತ್ತು ಟ್ರೊಪೋನಿನ್ ಎಂಬ ರಕ್ತಪರೀಕ್ಷೆ ಎರಡೂ ಸರಿಯಿದ್ದರೆ ಗುಂಡಿಗೆಗೆ ದೊಡ್ಡ ಪೆಟ್ಟಾಗಿಲ್ಲವೆಂದು ವೈದ್ಯರು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲರು. ಕೂಲಿಯ ಆಳಾದರೆ ಆ ಖರ್ಚು ತೋಟದ ಯಜಮಾನನದು.